ಹಗಲು ಹಾಡಿಗೂ ಒಂದು ದಿನ ಇರಲಿ

ಕಲಬುರಗಿಯಲ್ಲಿ ಸಂಗೀತ ಕಾರ್ಯಕ್ರಮದ ಕಾರ್ಡಿನ ಮೇಲೆ ‘ಸಂಜೆ ಆರಕ್ಕೆ ಸರಿಯಾಗಿ’ ಎಂದು ಅಚ್ಚಾಗಿರುತ್ತದೆ. ಅತಿಥಿಗಳು ಬರೋದು ಏಳಕ್ಕೆ. ದೀಪ, ಸ್ವಾಗತ, ಶಾಲು, ಹಾರ, ಭಾಷಣ ಎಲ್ಲ ಮುಗಿದು ಗಾಯಕರು ತಂಬೂರಿ ಕೂಡಿಸುವ ಹೊತ್ತಿಗೆ ಎಂಟೂವರೆ. ಹತ್ತಕ್ಕೆ ಮೈಕು ಬಂದ್ ಆಗಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮ. ಉಳಿದದ್ದೆಷ್ಟು? ಕಮಲಾಪುರ, ಆಳಂದದಿಂದ ಬಂದವರು ಅಷ್ಟೂ ಕೇಳದೆ ಬಸ್ಸಿಗೆ ಓಡುತ್ತಾರೆ. ಮನೆಗೆ ಹೋಗಿ ರೊಟ್ಟಿ ಬಡಿಯಬೇಕಾದ ಹೆಣ್ಣುಮಕ್ಕಳ ಮಾತಂತೂ ಬಿಡ್ರಿ.

ಇದಕ್ಕೆ ಉಪಾಯ ದೊಡ್ಡದೇನಲ್ಲ. ವರ್ಷಕ್ಕೊಂದು ದಿನ ಹಗಲು ಇಡ್ರಿ, ಚಳಿಗಾಲದಾಗ ಇಡ್ರಿ, ಪುಕ್ಕಟೆ ಇಡ್ರಿ. ನಲವತ್ತು ಡಿಗ್ರಿ ದಾಟುವ ಬ್ಯಾಸಗಿಯಲ್ಲಿ ಹಗಲು ಬಯಲಿನಲ್ಲಿ ಯಾರು ಕೂಡುತ್ತಾರೆ? ಡಿಸೆಂಬರ್, ಜನವರಿಯ ಬಿಸಿಲಾದರೆ ಹಿತ. ಸ್ಟೇಶನ್ ಬಜಾರದವರು ಅಂಗಡಿ ಹುಡುಗನಿಗೆ ಗಲ್ಲೆ ಒಪ್ಪಿಸಿ ಅರ್ಧ ತಾಸು ಕೇಳಿ ಬರಬಹುದು. ರೈಲಿಗೆ ಕಾಯುವವರೂ ಬರಬಹುದು. ಪಬ್ಲಿಕ್ ಗಾರ್ಡನ್‌ನಲ್ಲಿ ಗಿಡದ ನೆರಳಿದೆ, ಒಂದು ಶಾಮಿಯಾನ ಸಾಕು.

ಇದು ಎಲ್ಲೂ ಇಲ್ಲದ ಮಾತಲ್ಲ. ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಸುರು ಮಾಡಿದ ಸವಾಯಿ ಗಂಧರ್ವ ಮಹೋತ್ಸವ ಒಂದು ಕಾಲಕ್ಕೆ ಬೆಳತನಕ ನಡೆಯುತ್ತಿತ್ತು. ಮೈಕಿನ ಕಟ್ಟಳೆ ಬಂದ ಮೇಲೆ ಅದು ಡಿಸೆಂಬರಿನ ಮಧ್ಯಾಹ್ನಕ್ಕೆ ಸರಿಯಿತು. ಅಲ್ಲಿ ಟಿಕೀಟು ಇದೆ ನಿಜ. ಟಿಕೀಟಿಲ್ಲದ್ದು ಬೇಕೆಂದರೆ ಬೆಂಗಳೂರಿನಲ್ಲಿ 1996ರಲ್ಲಿ ಸುರುವಾದ ಫ್ರೀಡಂ ಜಾಮ್ ಇತ್ತಲ್ಲ, ಹೊಸ ಹುಡುಗರ ಬ್ಯಾಂಡುಗಳಿಗೆ ವೇದಿಕೆಯೂ ಆಯಿತು, ಕೇಳುವವರಿಗೆ ಕಾಸೂ ಬೀಳಲಿಲ್ಲ.

ಹಗಲಿಗೆ ಇನ್ನೊಂದು ಲಾಭ ಉಂಟು. ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತು. ಸಂಜೆಯ ಸಭೆಯಲ್ಲಿ ಯಮನ್, ಬಿಹಾಗ್ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿವೆ. ಮುಂಜಾನೆಯ ತೋಡಿ, ನಡುಹಗಲಿನ ಸಾರಂಗ, ಇಳಿಹೊತ್ತಿನ ಮುಲ್ತಾನಿ ಎದುರು ಕುಳಿತು ಕೇಳಿದವರು ಈ ಊರಲ್ಲಿ ಎಷ್ಟು ಮಂದಿ?

ಹಾಗೆಂದು ಶಾಸ್ತ್ರೀಯವೊಂದೇ ಬೇಡ. ಎಲ್ಲ ಕೂಡಲಿ, ಹೊಸದೂ ಆಗಲಿ. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಏಕತಾರಿ, ಅದರ ಬೆನ್ನಿಗೆ ಬಂದೇನವಾಜರ ದರ್ಗಾದ ಕಡೆಯ ಕವ್ವಾಲಿ, ನಡುವೆ ಹಲಗಿ, ಮದುವಿ ಬ್ಯಾಂಡಿನವರ ಕ್ಲಾರಿನೆಟ್ಟು, ಕಾಲೇಜು ಹುಡುಗರ ಗಿಟಾರು. ‘ಕಲಬೆರಕೆ’ ಎಂದು ಮೂಗು ಮುರಿಯುವ ಹಿರಿಯರು ಇದ್ದೇ ಇರುತ್ತಾರೆ. ಅವರು ಇಂದು ಭಕ್ತಿಯಿಂದ ಕೇಳುವ ಹಾರ್ಮೋನಿಯಂ ಪರದೇಶದ್ದು. 1940ರಿಂದ ಮೂವತ್ತು ವರ್ಷ ಆಕಾಶವಾಣಿ ಅದನ್ನು ಒಳಗೇ ಬಿಟ್ಟಿರಲಿಲ್ಲ. ಮಲ್ಲಿಕಾರ್ಜುನ ಮನಸೂರರು, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ರಾಗಕ್ಕೆ ಕೂಡಿಸಿ ಹಾಡಿದ್ದೂ ಆ ಕಾಲಕ್ಕೆ ಪ್ರಯೋಗವೇ. ಹಾಗಂತ ವಚನಕ್ಕೆ ಡ್ರಮ್ ಬಡಿದದ್ದೆಲ್ಲ ಪ್ರಯೋಗವಲ್ಲ. ಮಾತು ಕೇಳಿಸಬೇಕು. ಒಬ್ಬರ ಬಾರಿಸುವಿಕೆ ಇನ್ನೊಬ್ಬರು ಕೇಳಿ ಉತ್ತರ ಕೊಡಬೇಕು. ಇದಕ್ಕೆ ನಾಲ್ಕು ದಿನ ಕೂಡಿ ತಾಲೀಮು ಬೇಕು, ತಾಲೀಮಿಗೆ ಜಾಗ ಬೇಕು, ಚಹಾ-ಊಟ ಬೇಕು.

ಇಲ್ಲೇ ಬರುತ್ತದೆ ಅಸಲಿ ಪ್ರಶ್ನೆ. ಪುಕ್ಕಟೆ ಎಂಬುದು ಕೇಳುವವರಿಗೆ, ಹಾಡುವವರಿಗಲ್ಲ. ‘ನಿಮಗೆ ಪ್ರಚಾರ ಸಿಗ್ತದಲ್ಲರೀ’ ಎಂದು ಹಲಗಿಯವನ ಕೈಗೆ ಬಾಳೆಹಣ್ಣು ಕೊಟ್ಟು ಕಳಿಸುವ ಪದ್ಧತಿ ಇಲ್ಲಿಗೆ ನಿಲ್ಲಲಿ, ಆ ಹಣ್ಣು ಕಮಲಾಪುರದ ಕೆಂಪು ಬಾಳೆಯೇ ಆಗಿದ್ದರೂ. ಗಾಯಕರಿಗೆ ಕೊಡುವ ಲಕೋಟೆ ಅವನಿಗೂ ಅದೇ ದಿನ, ಅದೇ ವೇದಿಕೆಯ ಹಿಂದೆ ಸಲ್ಲಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಮಹಾನಗರ ಪಾಲಿಕೆ, ಬಜಾರದ ವ್ಯಾಪಾರಿಗಳು ಕೂಡಿ ಕೈ ಹಾಕಿದರೆ ಇದು ಆಗದ ಖರ್ಚೇನಲ್ಲ. ಶಾಲು-ಹಾರ ಬಿಟ್ಟರೆ ಅಷ್ಟರಲ್ಲೇ ಇಬ್ಬರು ಮೂವರ ಸಂಭಾವನೆ ಹುಟ್ಟುತ್ತದೆ.

ದಿನ ಮಾತ್ರ ನೋಡಿ ಇಡಬೇಕು. ಎಳ್ಳಮಾವಾಸ್ಯೆಗೆ ಇಟ್ಟರೆ ಊರೆಲ್ಲ ಚರಗ ಚೆಲ್ಲಲು ಹೊಲದಲ್ಲಿ, ಗಾರ್ಡನ್ ಬಣ ಬಣ. ತೊಗರಿ ರಾಶಿಯ ಜೋರು ಇಳಿದ ಮೇಲೆ ಬರುವ ಒಂದು ಭಾನುವಾರ, ಮುಂಜಾನೆ ಹತ್ತರಿಂದ ಸಂಜೆ ಐದರತನಕ. ಈಗಲೇ ಗೊತ್ತು ಮಾಡಿದರೆ ಜೇವರ್ಗಿ, ಯಡ್ರಾಮಿ ಕಡೆಯ ತತ್ವಪದದವರಿಗೆ ಸುದ್ದಿ ಮುಟ್ಟಿಸಲು ವೇಳೆ ಸಿಗುತ್ತದೆ.