ಕಣವೇಗವರ್ಧಕದ ಸುರಂಗ: ಯಂತ್ರಕ್ಕಷ್ಟೇ ಅಲ್ಲ, ಮನುಷ್ಯನಿಗೂ ದಾರಿ ಬೇಕು

ಜಿನೀವಾ ಸಮೀಪ, ಸ್ವಿಟ್ಜರ್ಲೆಂಡ್-ಫ್ರಾನ್ಸ್ ಗಡಿಯ ಅಡಿಯಲ್ಲಿ 91 ಕಿ.ಮೀ. ಸುತ್ತಳತೆಯ ಹೊಸ ಸುರಂಗ ಕೊರೆಯುವ ಪ್ರಸ್ತಾವದ ಕಾರ್ಯಸಾಧ್ಯತಾ ವರದಿಯನ್ನು ಸರ್ನ್ ಸಂಸ್ಥೆ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅಂದಾಜು ವೆಚ್ಚ 1,500 ಕೋಟಿ ಸ್ವಿಸ್ ಫ್ರಾಂಕ್. ಹಣದ ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ನೆಲದಿಂದ ಸರಾಸರಿ 200 ಮೀಟರ್ ಆಳದಲ್ಲಿ ಅನಾಹುತ ಸಂಭವಿಸಿದರೆ ಒಳಗಿರುವ ಕೆಲಸಗಾರ ಹೊರಬರುವುದು ಹೇಗೆ?

ಈ ಆತಂಕ ನಿರಾಧಾರವಲ್ಲ. ಇದೇ ಸಂಸ್ಥೆಯ 27 ಕಿ.ಮೀ. ಸುತ್ತಳತೆಯ ಲಾರ್ಜ್ ಹೇಡ್ರಾನ್ ಕೊಲೈಡರ್‌ನಲ್ಲಿ (ಎಲ್‌ಎಚ್‌ಸಿ) 2008ರ ಸೆಪ್ಟೆಂಬರ್ 19ರಂದು ಎರಡು ಅಯಸ್ಕಾಂತಗಳ ನಡುವಣ ವಿದ್ಯುತ್ ಬೆಸುಗೆ ಕೈಕೊಟ್ಟಿತು. ಅಲ್ಲಿ ಹೊಮ್ಮಿದ ಕಿಡಿ ಹೀಲಿಯಂ ಆವರಣವನ್ನೇ ತೂತು ಮಾಡಿತು. ಸುಮಾರು 6 ಟನ್ ಹೀಲಿಯಂ ಸೋರಿಹೋಯಿತು. ತಲಾ 35 ಟನ್ ತೂಕದ ಅಯಸ್ಕಾಂತಗಳಿರುವ ಸಾಲಿನಲ್ಲಿ ಕೆಲವು ಜಾಗ ಬಿಟ್ಟು ಸರಿದವು. ನೆಲದ ಕಾಂಕ್ರೀಟಿಗೆ ಬಿಗಿದಿದ್ದ ಆಧಾರಗಳೂ ಕಿತ್ತುಬಂದವು. ದುರಸ್ತಿಗಾಗಿ 53 ಅಯಸ್ಕಾಂತಗಳನ್ನು ಮೇಲೆತ್ತಬೇಕಾಯಿತು. ಯಂತ್ರ ಮತ್ತೆ ಚಾಲನೆಗೊಂಡದ್ದು 2009ರ ನವೆಂಬರ್‌ನಲ್ಲಿ.

ಅಂದು ಸುರಂಗದಲ್ಲಿ ಯಾರೂ ಇರಲಿಲ್ಲ. ಇದು ಅದೃಷ್ಟವಲ್ಲ, ನಿಯಮದ ಫಲ. ಯಂತ್ರ ಅಲ್ಪಕಾಲ ನಿಂತಾಗ ಒಳಹೋಗುವ ಪ್ರತಿಯೊಬ್ಬರೂ ಒಂದೊಂದು ಕೀಲಿಯನ್ನು ಒಯ್ಯಬೇಕು. ಒಂದೇ ಒಂದು ಕೀಲಿ ಹಿಂದಿರುಗದಿದ್ದರೂ ಯಂತ್ರ ಚಾಲೂ ಆಗದು. ಸೋರಿದ ಹೀಲಿಯಂ ಗಾಳಿಯಲ್ಲಿನ ಆಮ್ಲಜನಕವನ್ನು ಪಲ್ಲಟಗೊಳಿಸುವುದರಿಂದ ಸಿಬ್ಬಂದಿ ಉಸಿರಾಟದ ತುರ್ತು ಸಾಧನವನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. 2008ರ ಬಳಿಕ ಒತ್ತಡ ಬಿಡುಗಡೆಯ ಕವಾಟಗಳನ್ನು ಹೆಚ್ಚಿಸಲಾಯಿತು, ನೆಲದ ಹಿಡಿತವನ್ನು ಬಲಪಡಿಸಲಾಯಿತು, ಅಯಸ್ಕಾಂತಗಳಿಗೆ ವಿದ್ಯುತ್ ಹರಿಸುವಾಗಿನ ಪ್ರವೇಶ ನಿರ್ಬಂಧವೂ ಬಿಗಿಯಾಯಿತು.

ಇಕ್ಕಟ್ಟಿನ ಮೂಲ

ನಿಯಮವನ್ನು ತಿದ್ದಬಹುದು, ಆದರೆ ಸುರಂಗದ ಅಗಲವನ್ನು ತಿದ್ದಲಾಗದು. ಎಲ್‌ಎಚ್‌ಸಿ ಇರುವ ಸುರಂಗವನ್ನು ಕೊರೆದದ್ದು 1989ರಿಂದ 2000ದವರೆಗೆ ನಡೆದ ಲೆಪ್ ಯಂತ್ರಕ್ಕಾಗಿ. ಬಹುಪಾಲು ಕಡೆ ಅದರ ವ್ಯಾಸ 3.8 ಮೀಟರ್ ಮಾತ್ರ. ಅದರಲ್ಲೇ ಅಯಸ್ಕಾಂತಗಳ ಸಾಲು, ಹೀಲಿಯಂ ಪೂರೈಕೆಯ ದಪ್ಪ ಕೊಳವೆ, ಕೇಬಲ್‌ಗಳು, ಉಳಿದ ಅಂಚಿನಲ್ಲಿ ಸಾಗಣೆಯ ವಾಹನಕ್ಕೂ ಮನುಷ್ಯನಿಗೂ ಒಂದೇ ದಾರಿ. ಎರಡನೆಯ ಯಂತ್ರ ಮೊದಲನೆಯದರ ಇಕ್ಕಟ್ಟನ್ನು ಹೊತ್ತುಕೊಂಡಿದೆ.

ಹೊಸ ಯೋಜನೆಯೂ ಇದೇ ಜಾಡಿನದು. ಮೊದಲು ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರ, ದಶಕಗಳ ನಂತರ ಅದೇ ಸುರಂಗದಲ್ಲಿ ಪ್ರೋಟಾನ್ ಯಂತ್ರ. ವ್ಯಾಸ 5.5 ಮೀಟರ್‌ಗೆ ಹಿಗ್ಗಿರುವುದು ಸ್ವಾಗತಾರ್ಹ. ಆದರೆ ಮೇಲ್ಮೈಗೆ ಸಂಪರ್ಕ ಕಲ್ಪಿಸುವ ತಾಣಗಳು ಎಲ್‌ಎಚ್‌ಸಿಯಂತೆ ಇಲ್ಲೂ ಎಂಟೇ. ಅಲ್ಲಿ ಎರಡು ತಾಣಗಳ ನಡುವಿನ ಸರಾಸರಿ ಅಂತರ ಸುಮಾರು 3.3 ಕಿ.ಮೀ., ಇಲ್ಲಿ 11 ಕಿ.ಮೀ.ಗೂ ಹೆಚ್ಚು. ನಟ್ಟನಡುವೆ ಇರುವ ವ್ಯಕ್ತಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ ಅಲ್ಲಿ 25 ನಿಮಿಷ ಸಾಕು, ಇಲ್ಲಿ ಹತ್ತಿರ ಹತ್ತಿರ ಒಂದೂವರೆ ತಾಸು. ಇಷ್ಟು ದೂರ ಕಾಲ್ನಡಿಗೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಹೊಗೆಯನ್ನು ತಡೆಯುವ ಬಾಗಿಲುಗಳು, ಶುದ್ಧ ಗಾಳಿಯ ಪೂರೈಕೆ, ಪಾರುಗಾಣಿಕೆಯ ವಾಹನಕ್ಕೆ ಸದಾ ತೆರವಾದ ಪಥ, ಇವೆಲ್ಲ ನಕ್ಷೆಯ ಹಂತದಲ್ಲೇ ತೀರ್ಮಾನವಾಗಬೇಕು.

ಬೆಂಗಳೂರಿನ ನಂಟು

ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರ. ಎಲ್‌ಎಚ್‌ಸಿಯ ಅಯಸ್ಕಾಂತಗಳನ್ನು ಹೊತ್ತು ನಿಂತಿರುವ ಸಾವಿರಾರು ನಿಖರ ಜಾಕ್‌ಗಳನ್ನು ಒದಗಿಸಿದ್ದು ಭಾರತವೇ. ಅವುಗಳಲ್ಲೊಂದು ಪಾಲು ತಯಾರಾದದ್ದು ಬೆಂಗಳೂರಿನಲ್ಲಿ. ಯಂತ್ರವನ್ನು ಕೂದಲೆಳೆಯಷ್ಟೂ ಕದಲದಂತೆ ಕೂರಿಸುವ ವಿದ್ಯೆ ನಮ್ಮವರಿಗೆ ಕರಗತ. ಆ ಯಂತ್ರದ ಪಕ್ಕದಲ್ಲಿ ಮನುಷ್ಯನಿಗೆ ಎಷ್ಟು ಜಾಗ ಬಿಡಬೇಕೆಂಬ ಚರ್ಚೆಯಲ್ಲೂ ಭಾರತದ ಎಂಜಿನಿಯರುಗಳ ದನಿ ಕೇಳಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಚರ್ಚೆಗೆ ಅರ್ಥವಿರದು.