ಕಿಟಕಿ ಬಿಟ್ಟರು, ಹೊತ್ತು ಕೊಂಡರು

ಮೊನ್ನೆ ಭಾನುವಾರ ಕೃಷ್ಣರಾಜನಗರದಲ್ಲಿ ನಮ್ಮ ಅಕ್ಕನ ಮನೆಯ ನಡುಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ಸೇರಿತ್ತು. ಪಂಚರ ಮುಂದಿದ್ದ ವ್ಯಾಜ್ಯ ಆಸ್ತಿಪಾಸ್ತಿಯದಲ್ಲ, ಮದುವೆಮುಂಜಿಯದೂ ಅಲ್ಲ. ಸಮುದ್ರದ ಮೇಲೆ ರಾತ್ರಿಯ ಊಟ ಎಷ್ಟು ಗಂಟೆಗೆ ಎಂಬುದು! ಕಾವೇರಿಯ ದಂಡೆಯ ಊರಿನಲ್ಲಿ ಕುಳಿತು, ಹಡಗನ್ನು ಚಿತ್ರದಲ್ಲಲ್ಲದೆ ಕಂಡರಿಯದ ನಾವು, ಹಡಗಿನ ಅಡುಗೆಮನೆಯ ವೇಳಾಪಟ್ಟಿಯನ್ನು ಚರ್ಚಿಸಬೇಕಾಗಿ ಬಂದದ್ದು ಕಾಲಮಹಿಮೆಯೆಂದೇ ಹೇಳಬೇಕು.

ಸಂಗತಿ ಇಷ್ಟು. ಅಕ್ಕನ ಮಗ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದಾನೆ. ತಂದೆತಾಯಿಗಳನ್ನು ಕರೆಸಿಕೊಂಡು, ಹೆಂಡತಿ ಮತ್ತು ಐದು ವರ್ಷದ ಮಗಳೊಡನೆ, ಅಲ್ಲಿಂದ ಮೂರು ರಾತ್ರಿಗಳ ಹಡಗಿನ ವಿಹಾರಕ್ಕೆ ಹೊರಡಬೇಕೆಂಬುದು ಅವನ ಬಯಕೆ. ಹಡಗಿನವರು ಎರಡು ದರ ಹೇಳಿದ್ದಾರೆ. ಅಗ್ಗದ ದರ ಕೊಟ್ಟರೆ ಕೋಣೆ ಯಾವುದು, ಊಟದ ಹೊತ್ತು ಯಾವುದು ಎಂಬುದನ್ನು ಅವರೇ ಗೊತ್ತುಮಾಡುತ್ತಾರೆ. ಸಂಜೆ ಆರರ ಪಂಕ್ತಿಯೂ ಆಗಬಹುದು, ರಾತ್ರಿ ಎಂಟೂವರೆಯ ಪಂಕ್ತಿಯೂ ಆಗಬಹುದು. ಹಡಗು ಹತ್ತುವ ದಿನದವರೆಗೆ ತಿಳಿಯದು. ತಲೆಗೆ ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೊಟ್ಟರೆ ಹೊತ್ತನ್ನು ನಾವೇ ಆರಿಸಿಕೊಳ್ಳಬಹುದು. ಐವರಿಗೆ ಇಪ್ಪತ್ತು ಸಾವಿರ.

ನಮ್ಮ ಭಾವನವರು ನಿವೃತ್ತ ಮುಖ್ಯೋಪಾಧ್ಯಾಯರು, ಗಣಿತ ಕಲಿಸಿದವರು. "ಎರಡೂವರೆ ಗಂಟೆಯ ಅಂತರಕ್ಕೆ ಇಪ್ಪತ್ತು ಸಾವಿರವೇ? ನಾನು ಕೆಲಸಕ್ಕೆ ಸೇರಿದಾಗ ವರ್ಷದ ಸಂಬಳವೂ ಅಷ್ಟಿರಲಿಲ್ಲ. ಊಟ ಯಾವಾಗ ಬಡಿಸಿದರೂ ಹೋಗುವುದು ಹೊಟ್ಟೆಗೇ ತಾನೆ?" ಎಂದು ಅವರು ತೀರ್ಪು ಕೊಟ್ಟುಬಿಟ್ಟರು. ಅಕ್ಕ ಮಾತಾಡಲಿಲ್ಲ. ಆದರೆ ಅವಳ ಕಣ್ಣು ಗೋಡೆಯ ಗಡಿಯಾರದ ಕಡೆಗೆ ಹೋಯಿತು. ಹನ್ನೆರಡು ವರ್ಷಗಳಿಂದ ಆ ಮನೆಯಲ್ಲಿ ಸಂಜೆ ಏಳಕ್ಕೆ ಭಾವನವರಿಗೆ ಇನ್ಸುಲಿನ್ ಸೂಜಿ, ಏಳೂವರೆಗೆ ಊಟ. ನೆಂಟರು ಬರಲಿ, ಮಳೆ ಬರಲಿ, ಈ ನೇಮ ತಪ್ಪಿದ್ದಿಲ್ಲ.

ಹಡಗಿನಲ್ಲಿ ಊಟಕ್ಕೆ ಎರಡು ಪಂಕ್ತಿ ಏಕೆ ಎಂದು ವಾಚಕರು ಕೇಳಬಹುದು. ಉತ್ತರ ನಮ್ಮ ಮದುವೆ ಮನೆಗಳಲ್ಲಿಯೇ ಇದೆ. ಸಾವಿರ ಜನ ಬಂದಿದ್ದಾರೆ, ಛತ್ರದಲ್ಲಿ ಐನೂರು ಎಲೆಗೆ ಸ್ಥಳವಿದೆ. ಎಂದಮೇಲೆ ಎರಡು ಪಂಕ್ತಿ ತಪ್ಪದು. ಹಡಗಿನಲ್ಲಂತೂ ಜಾಗ ಚಿನ್ನದಂಥದು. 2024ರಲ್ಲಿ ಸಂಚಾರ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಎಂಬ ಮಹಾನೌಕೆಯಲ್ಲಿ, ಕೋಣೆಗೆ ಇಬ್ಬರಂತೆ ಲೆಕ್ಕ ಹಿಡಿದರೂ 5,600ಕ್ಕೆ ಮೇಲ್ಪಟ್ಟು ಪ್ರಯಾಣಿಕರಿಗೆ ಸ್ಥಳವಿದೆ. ಇಷ್ಟು ಜನ ಒಮ್ಮೆಗೇ ಕುಳಿತು ಉಣ್ಣುವಷ್ಟು ದೊಡ್ಡ ಭೋಜನಶಾಲೆಯನ್ನು ಯಾರೂ ಕಟ್ಟರು. ಆದ್ದರಿಂದ ಸಂಜೆ ಆರರ ಸುಮಾರಿಗೆ ಒಂದು ತಂಡ, ಎಂಟು-ಎಂಟೂವರೆಗೆ ಇನ್ನೊಂದು ತಂಡ ಎಂಬುದು ಹಡಗುಗಳ ಹಳೆಯ ಪದ್ಧತಿ. ಗೊತ್ತಾದ ಮೇಜು, ಗೊತ್ತಾದ ಪರಿಚಾರಕ, ಪ್ರತಿ ರಾತ್ರಿಯೂ ಅದೇ ಹೊತ್ತು. 2000ದಲ್ಲಿ ನಾರ್ವೇಜಿಯನ್ ಸಂಸ್ಥೆಯವರು ಈ ಕಟ್ಟನ್ನು ಸಡಿಲಿಸಿ, ಬೇಕೆಂದಾಗ ಬಂದು ಉಣ್ಣಿರಿ ಎಂಬ ಕ್ರಮವನ್ನು ತಂದರು. ಈಗ ಬಹಳ ಹಡಗುಗಳಲ್ಲಿ ಎರಡು ಪದ್ಧತಿಗಳೂ ಒಟ್ಟಿಗೇ ನಡೆಯುತ್ತವೆ.

ಇನ್ನು ದರದ ಮರ್ಮ. ಅಗ್ಗದ ಚೀಟಿಯವನಿಗೆ ಸಾರು ತೆಳ್ಳಗೆ, ದುಬಾರಿ ಚೀಟಿಯವನಿಗೆ ಗಟ್ಟಿ ಎಂಬ ಭೇದವಿಲ್ಲ. ಭೋಜನಶಾಲೆಯೂ ಅಡುಗೆಯೂ ಇಬ್ಬರಿಗೂ ಒಂದೇ. ಆರಿಸಿಕೊಳ್ಳುವವರೆಲ್ಲ ಆರಿಸಿಕೊಂಡ ಮೇಲೆ ಉಳಿದ ಕೋಣೆ, ಉಳಿದ ಕುರ್ಚಿ, ಉಳಿದ ಹೊತ್ತು ಇವುಗಳನ್ನು ತುಂಬಿಸಲು ಹಡಗಿನವರಿಗೆ ಯಾರೋ ಒಬ್ಬರು ಬೇಕು. "ಏನು ಕೊಟ್ಟರೂ ಸರಿ" ಎನ್ನುವವನೇ ಆ ಒಬ್ಬ. ಅವನ ಒಪ್ಪಿಗೆಗೆ ಕೊಡುವ ಬೆಲೆಯೇ ರಿಯಾಯಿತಿ. ಹೀಗೆ ನೋಡಿದರೆ ಅಗ್ಗದ ಚೀಟಿಯವನು ಕಳೆದುಕೊಳ್ಳುವುದು ಅನ್ನವನ್ನಲ್ಲ, ಬೇಕು-ಬೇಡ ಎನ್ನುವ ಮಾತನ್ನು.

ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಧರ್ಮಸ್ಥಳದಲ್ಲಿ ಊಟಕ್ಕೆ ಬೆಲೆಯಿಲ್ಲ. ಹೊತ್ತು ಕೇಳುವ ಹಕ್ಕೂ ನಮಗಿಲ್ಲ. ಸರದಿ ಬಂದಾಗ ಎಲೆ. ಪ್ರಸಾದವೆಂದು ಯಾರೂ ಗೊಣಗುವುದಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಕಬಿನಿಯ ಹಿನ್ನೀರಿನ ದಂಡೆಯ ಮೇಲೆ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹವಿದೆ. ಅಲ್ಲಿ ವಸತಿ, ಊಟ, ಕಾಡಿನ ಸುತ್ತಾಟ ಎಲ್ಲ ಸೇರಿ ಒಂದೇ ದರ. ದರವೇನೂ ಅಗ್ಗವಲ್ಲ. ಆದರೂ ಉಪಾಹಾರವೆಂದರೆ ಬೆಳಗಿನ ಸುತ್ತಾಟ ಮುಗಿದ ಮೇಲೆ, ಚಹವೆಂದರೆ ಮಧ್ಯಾಹ್ನದ ಜೀಪೋ ದೋಣಿಯೋ ಹೊರಡುವ ಮುನ್ನ. ಅಲ್ಲಿಯ ಗಂಟೆ ಬಾರಿಸುವವರು ಸೂರ್ಯನೂ ಆನೆಗಳೂ. ಎಷ್ಟು ಹಣ ಕೊಟ್ಟರೂ ಆನೆ ನಮ್ಮ ಊಟದ ಹೊತ್ತಿಗೆ ಹೊಂದಿಕೊಳ್ಳಲಾರದು.

ರೈಲಿನವರೂ ಈ ಲೆಕ್ಕ ಕಲಿತಿದ್ದಾರೆ. ರಾಜಧಾನಿ, ಶತಾಬ್ದಿಯಂಥ ಗಾಡಿಗಳಲ್ಲಿ ಮೊದಲು ಊಟದ ಹಣ ಚೀಟಿಯಲ್ಲಿಯೇ ಸೇರಿರುತ್ತಿತ್ತು. 2017ರಿಂದೀಚೆಗೆ ಊಟ ಬೇಡವೆಂದು ಮುಂಚಿತವಾಗಿ ತಿಳಿಸಿದರೆ ಅಷ್ಟು ದರ ಕಡಿಮೆಯಾಗುವ ಏರ್ಪಾಟು ಬಂದಿತು. 2022ರ ನವೆಂಬರಿನಲ್ಲಿ ಆರಂಭವಾದ ಮೈಸೂರು-ಚೆನ್ನೈ ವಂದೇ ಭಾರತ್ ಗಾಡಿಗೂ ಇದೇ ಕ್ರಮ. ಚಪಾತಿಯ ಪೊಟ್ಟಣ ಕಟ್ಟಿಕೊಂಡು ಹೊರಟವನು ಹಣವನ್ನೂ ಉಳಿಸಿದ, ಹೊತ್ತನ್ನೂ ತನ್ನ ಕೈಯಲ್ಲಿಟ್ಟುಕೊಂಡ. ನೆಲದ ಮೇಲೆ ಇದು ಸಾಧ್ಯ. ಹಡಗಿಗೆ ಮನೆಯ ಅಡುಗೆಯನ್ನು ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಅಲ್ಲಿ ಈ ಉಪಾಯ ನಡೆಯದು.

ಭಾವನವರ ತೀರ್ಪಿಗೆ ನಾನು ತಲೆದೂಗದೆ ಇದ್ದುದಕ್ಕೆ ಒಂದು ಹಳೆಯ ಕಾರಣವಿತ್ತು. ಹತ್ತು ವರ್ಷಗಳ ಹಿಂದೆ ಹುಣಸೂರಿನಿಂದ ಹೊರಟ ಒಂದು ಯಾತ್ರಾ ಬಸ್ಸಿನಲ್ಲಿ ನಾನೂ ಪಿರಿಯಾಪಟ್ಟಣದ ನನ್ನ ಸೋದರಮಾವನವರೂ ರಾಮೇಶ್ವರಕ್ಕೆ ಹೋಗಿದ್ದೆವು. ಬೇರೆಯವರಿಗಿಂತ ಸಾವಿರದ ಇನ್ನೂರು ರೂಪಾಯಿ ಕಡಿಮೆ. ಅಡುಗೆಯವರು ಇನ್ನೊಂದು ವ್ಯಾನಿನಲ್ಲಿ ಮುಂದೆ ಹೋಗಿ, ಛತ್ರದಲ್ಲಿ ಬೇಯಿಸಿಟ್ಟಿರುವರೆಂದು ಏರ್ಪಾಟು. ಮೂರನೆಯ ದಿನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ಹನ್ನೆರಡೂವರೆಯ ಊಟ ಮೂರೂವರೆಯಾದರೂ ಇಲ್ಲ. ಮಾವನವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದ್ದರು. ಕುಳಿತಲ್ಲಿಯೇ ಬೆವರಿದರು, ಕೈ ನಡುಗಿತು. ನನ್ನನ್ನು ನೋಡಿ, ತೀರಿಹೋದ ತಮ್ಮನ ಹೆಸರು ಹಿಡಿದು ಕರೆದರು. ನನಗೆ ದಿಕ್ಕೇ ತೋರಲಿಲ್ಲ. ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ತಾಯಿ ತಮ್ಮ ಗಂಟಿನಿಂದ ಬೆಲ್ಲ ತೆಗೆದು, ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಮಾವನವರು ಚೇತರಿಸಿಕೊಂಡು, "ಊಟ ಬಂತೇ?" ಎಂದರು. ಆ ಸಾವಿರದ ಇನ್ನೂರು ರೂಪಾಯಿಯನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಇನ್ಸುಲಿನ್ನಿಗೂ ಕೆಲವು ಮಾತ್ರೆಗಳಿಗೂ ಈ ಗುಣವುಂಟು. ಅವು ರಕ್ತದ ಸಕ್ಕರೆಯನ್ನು ಇಳಿಸುವ ಕೆಲಸಕ್ಕೆ ತೊಡಗಿದ ಮೇಲೆ ಅನ್ನ ಬರಲೇಬೇಕು. ಬಾರದಿದ್ದರೆ ಸಕ್ಕರೆ ಮಿತಿಮೀರಿ ಇಳಿಯುತ್ತದೆ. ಬೆವರು, ನಡುಕ, ಬುದ್ಧಿಭ್ರಮೆ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಎಚ್ಚರವಿರುವಾಗಲೇ ಸಕ್ಕರೆಯನ್ನೋ ಬೆಲ್ಲದ ನೀರನ್ನೋ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ವೈದ್ಯರ ಬಳಿಗೆ ಒಯ್ಯಬೇಕು.

ಈ ಕಥೆಯನ್ನು ನಾನು ಹೇಳಿ ಮುಗಿಸಿದೆ. ಭಾವನವರು ಸೋಲೊಪ್ಪುವ ಕುಳವಲ್ಲ. ಒಂದು ಕಾಗದ ತೆಗೆದು ಲೆಕ್ಕ ಹಾಕಿದರು. "ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟೂವರೆ ಎಂದರೆ ಇಲ್ಲಿ ಸಂಜೆ ಆರು! ಎರಡನೆಯ ಪಂಕ್ತಿಯೂ ನನ್ನ ಊಟಕ್ಕಿಂತ ಒಂದೂವರೆ ಗಂಟೆ ಮೊದಲೇ ಆಯಿತಲ್ಲ! ಹಣವೇಕೆ ಕೊಡಬೇಕು?" ಎಂದು ವಿಜಯದ ನಗೆ ನಕ್ಕರು. ಲೆಕ್ಕ ಸರಿಯಾಗಿಯೇ ಇತ್ತು. ನಾನು ನಿರುತ್ತರನಾದೆ.

ಆಗ ಅಕ್ಕ ಬಾಯಿ ತೆರೆದಳು. "ಹಡಗು ಹತ್ತುವುದಕ್ಕೆ ಮುಂಚೆ ಹದಿನೈದು ದಿನ ಮಗನ ಮನೆಯಲ್ಲಿರುತ್ತೀರಿ. ಅಷ್ಟು ಹೊತ್ತಿಗೆ ನಿಮ್ಮ ಹೊಟ್ಟೆಯೂ ಸಿಂಗಪುರದ ಗಡಿಯಾರ ಕಟ್ಟಿಕೊಂಡಿರುತ್ತೆ. ಡಾಕ್ಟರನ್ನೇ ಕೇಳೋಣ, ನಡೆಯಿರಿ."

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಅಕ್ಕನಿಗೆ ಮೈಸೂರಿನ ಸಾಮಾನ್ಯ ಬಸ್ಸು ಉಚಿತ. ನಿಂತೇ ಹೋಗಬೇಕಾಗಿ ಬಂದರೂ ಅವಳು ಸಂತೋಷವಾಗಿ ಹೋಗುತ್ತಾಳೆ. ಉಳಿತಾಯಕ್ಕೆ ಅವಳು ಶತ್ರುವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಕಾಲು ನೋಯುವ ಉಳಿತಾಯವನ್ನು ಅವಳು ತಾನೇ ಸಹಿಸಿಕೊಳ್ಳಬಲ್ಲಳು. ಪ್ರಾಣಕ್ಕೆ ಸಂಬಂಧಿಸಿದ ಉಳಿತಾಯ ಬೇರೆಯೆಂದು ಅವಳ ಮತ.

ಮಾರನೆಯ ದಿನ ಮೈಸೂರಿನಲ್ಲಿ ವೈದ್ಯರು ಹೇಳಿದ ಮಾತು ನಮ್ಮ ವ್ಯಾಜ್ಯವನ್ನೇ ತಲೆಕೆಳಗು ಮಾಡಿತು. "ಆರು ಗಂಟೆಯೋ ಎಂಟೂವರೆಯೋ ಎಂಬುದು ದೊಡ್ಡ ಪ್ರಶ್ನೆಯಲ್ಲ, ಮೇಷ್ಟ್ರೇ. ನಿಮ್ಮ ಸೂಜಿ ಗಡಿಯಾರವನ್ನು ಹಿಂಬಾಲಿಸುವುದಿಲ್ಲ, ಊಟವನ್ನು ಹಿಂಬಾಲಿಸುತ್ತದೆ. ಊಟ ಎಷ್ಟು ಹೊತ್ತಿಗೆ ಎಂದು ಮುಂಚಿತವಾಗಿ ಹೇಳಿ. ಸೂಜಿಯ ಹೊತ್ತನ್ನು ನಾನು ಬರೆದುಕೊಡುತ್ತೇನೆ. ಎಷ್ಟು ಹೊತ್ತಿಗೆಂದು ಗೊತ್ತಿಲ್ಲದಿರುವುದೇ ಅಪಾಯ."

ನಾವು ತಡವಾದ ಊಟಕ್ಕೆ ಹೆದರಿದ್ದೆವು. ಹೆದರಬೇಕಾಗಿದ್ದುದು ಗೊತ್ತಿಲ್ಲದ ಊಟಕ್ಕೆ. ಹುಣಸೂರಿನ ಬಸ್ಸಿನಲ್ಲಿಯೂ ಊಟ ಮೂರೂವರೆಗೆಂದು ಬೆಳಗ್ಗೆಯೇ ತಿಳಿದಿದ್ದರೆ ಮಾವನವರು ಮಾತ್ರೆಯನ್ನು ತಡೆದು, ವೈದ್ಯರನ್ನು ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದರು. ಈ ದೃಷ್ಟಿಯಿಂದ ನೋಡಿದರೆ, ಬೇಕೆಂದಾಗ ಬಂದು ಉಣ್ಣುವ ಸ್ವೇಚ್ಛೆಯ ಪದ್ಧತಿಯೂ ಇಂಥವರಿಗೆ ಅಷ್ಟು ಹಿತವಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವಾದರೆ ಬಾಗಿಲಲ್ಲಿ ಸರದಿ ನಿಲ್ಲಬೇಕಾದೀತು. ಗೊತ್ತಾದ ಪಂಕ್ತಿಯೇ ಮೇಲು. ಆದರೆ ಅದು ಯಾವುದೆಂದು ಮೊದಲೇ ಬರವಣಿಗೆಯಲ್ಲಿ ಸಿಕ್ಕಬೇಕು. ಬಾಯಿಮಾತಿನ "ಪ್ರಯತ್ನಿಸುತ್ತೇವೆ" ಎಂಬುದನ್ನು ನಂಬಿ ಸೂಜಿ ಚುಚ್ಚಿಕೊಳ್ಳಲಾಗದು.

ಆದ್ದರಿಂದ ಚೀಟಿ ಕೊಳ್ಳುವ ಮುನ್ನ ಮನೆಯವರು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಹೊತ್ತಿಗೆ ಉಣ್ಣಲೇಬೇಕಾದ ಮುದುಕರು, ಮಕ್ಕಳು, ರೋಗಿಗಳು ಇದ್ದಾರೆಯೇ? ಭೋಜನಶಾಲೆಯ ಹೊತ್ತು ತಪ್ಪಿದರೆ ಬೇರೆ ಎಲ್ಲಾದರೂ ಬಡಿಸುತ್ತಾರೆಯೇ, ಎಷ್ಟು ಗಂಟೆಯವರೆಗೆ? ಉಳಿಯುವ ಹಣವನ್ನು ಬೇರೆ ಯಾವ ಬಾಬಿನಲ್ಲಿ ಉಳಿಸಬಹುದು? ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಧಾರಾಳವಾಗಿ ಅಗ್ಗದ ಚೀಟಿ ಕೊಳ್ಳಿ. ಗಟ್ಟಿಮುಟ್ಟಾದ ಹೊಟ್ಟೆಯವರು ಎಂಟೂವರೆಗೆ ಉಂಡರೆ ಲೋಕ ಮುಳುಗದು.

ಮೂರನೆಯ ಪ್ರಶ್ನೆಗೆ ಉತ್ತರ ಕಂಡುಹಿಡಿದವಳು ಅಕ್ಕನೇ. ಆ ರಾತ್ರಿ ಮಗ ಫೋನು ಮಾಡಿದಾಗ, ಕಿಟಕಿಯಿರುವ ಕೋಣೆಗಳನ್ನು ನೋಡುತ್ತಿದ್ದೇನೆಂದು ಅವನೆಂದ. "ಕಿಟಕಿಗೆ ಎಷ್ಟಪ್ಪ?" ಎಂದು ಕೇಳಿದಳು. ಒಳಗಿನ ಕೋಣೆಗಿಂತ ಹೆಚ್ಚು ಕೊಡಬೇಕಾದ ಮೊತ್ತ ಊಟದ ಹೊತ್ತಿನ ಮೊತ್ತಕ್ಕೆ ಹೆಚ್ಚುಕಡಿಮೆ ಸಮವಾಗಿತ್ತು.

"ಕಿಟಕಿ ಬೇಡ ಬಿಡು. ಸಮುದ್ರ ನೋಡುವುದಕ್ಕೆ ಮೇಲೆ ಅಂಗಳವಿದೆಯಂತಲ್ಲ, ಅದಕ್ಕೆ ದುಡ್ಡಿಲ್ಲ. ಮಗು ಎಂಟಕ್ಕೆ ಮಲಗಿಬಿಡುತ್ತೆ. ಆರರ ಊಟವನ್ನೇ ಬರೆಸು. ನಿಮ್ಮಪ್ಪನನ್ನು ಒಂದು ಹೊತ್ತಿಗೆ, ಮಗುವನ್ನು ಒಂದು ಹೊತ್ತಿಗೆ ಕೂರಿಸುವುದಾದರೆ ಅಷ್ಟು ದೂರ ಯಾಕೆ ಬರಬೇಕು? ಮೂರು ವರ್ಷವಾಯಿತು, ಎಲ್ಲರೂ ಒಂದು ಪಂಕ್ತಿಯಲ್ಲಿ ಕೂತು."

ಅತ್ತಲಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. "ಆಗಲಮ್ಮ" ಎಂದ.

ಭಾವನವರು ಎದ್ದು, ಲೆಕ್ಕದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಗಡಿಯಾರ ಏಳು ಹೊಡೆಯಿತು. ಅಕ್ಕ ಸೂಜಿಯ ಪೆಟ್ಟಿಗೆ ತಂದಳು. ಅವರು ಎಂದಿನಂತೆ ಗೊಣಗಲಿಲ್ಲ. ಅಂಗಿಯ ತುದಿಯನ್ನು ತಾವೇ ಎತ್ತಿ ಹಿಡಿದರು.