ಗೊಬ್ಬರಕ್ಕೆ ಅಂಗಿ ಬೇಕು, ಪ್ಲಾಸ್ಟಿಕ್ ಅಂಗಿ ಬೇಡ



ನಾವು ಪ್ರತಿ ವರ್ಷ ಪ್ರಬಂಧದಲ್ಲಿ ‘ರೈತ ದೇಶದ ಬೆನ್ನೆಲುಬು’ ಅಂತ ಬರೆದು ಮಾರ್ಕ್ಸ್ ತಗೊಳ್ತೇವೆ. ಆ ಬೆನ್ನೆಲುಬು ಮಳೆಗಾಲದಲ್ಲಿ ಎಷ್ಟು ನೋಯುತ್ತದೆ ಎಂದು ಯಾರೂ ಬರೆಯುವುದಿಲ್ಲ. ಅದಕ್ಕೇ ನಾನು ಈ ಸಲದ ಗೋಡೆ ಪತ್ರಿಕೆಗೆ ಕತೆ, ಚುಟುಕ ಬಿಟ್ಟು ಗೊಬ್ಬರದ ಬಗ್ಗೆ ಬರೆದಿದ್ದೇನೆ. ನಗಬೇಡಿ, ಪೂರ್ತಿ ಓದಿ.

ಮೊದಲು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನಟ್ಟಿ ಆಗಿ ಇಪ್ಪತ್ತು ದಿನವಾಗಿತ್ತು. ಪುನರ್ವಸು ಮಳೆ ಎರಡು ದಿನ ಹೊಳವಾಗಿತ್ತು. ಅಪ್ಪ ಯೂರಿಯಾ ಚೀಲ ಒಡೆದು ಬೆಳಿಗ್ಗೆ ಗದ್ದೆಗೆ ಎರಚಿದರು. ನಾವು ಮಧ್ಯಾಹ್ನ ಊಟಕ್ಕೆ ಕೂತಾಗ ಮಳೆ ಶುರುವಾಯಿತು. ರಾತ್ರಿ ಇಡೀ ಹೊಡೆಯಿತು. ಬೆಳಿಗ್ಗೆ ನೋಡಿದರೆ ಗದ್ದೆಯ ಅಂಚು ಒಡೆದು ನೀರೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಅಜ್ಜ ಮಾತ್ರ “ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು” ಅಂದರು. ಮತ್ತೊಂದು ಚೀಲ ತರಲು ಹೋದರೆ ಸ್ಟಾಕ್ ಇಲ್ಲ. ಗದ್ದೆ ಹಳದಿಯಾಗಿಯೇ ಉಳಿಯಿತು. ಭತ್ತ ನಾಲ್ಕು ಚೀಲ ಕಡಿಮೆ ಆಯಿತು. ನಾಲ್ಕು ಚೀಲ ಅಂದರೆ ನಮ್ಮ ಮನೆಯ ಎರಡು ತಿಂಗಳ ಅನ್ನ.

ಇದು ನಮ್ಮದೊಂದೇ ಮನೆಯ ಕತೆ ಅಲ್ಲ. ಭಟ್ಕಳದ ಮಲ್ಲಿಗೆ ಗಿಡಕ್ಕೂ, ಹೊನ್ನಾವರದ ಅಡಿಕೆ ತೋಟಕ್ಕೂ, ನಮ್ಮ ಕುಮಟಾ ತಾಲೂಕಿನ ಗದ್ದೆಗೂ ಬೀಳುವುದು ಅದೇ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮಣ್ಣು ನೋಡಿದರೆ ಚಿರೆಕಲ್ಲು ಮಣ್ಣು, ಇಲ್ಲವೇ ಹೊಯ್ಗೆ ಮಣ್ಣು. ಎರಡೂ ಗೊಬ್ಬರವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ.

ಈಗ ಒಂದು ಲೆಕ್ಕ. ಯೂರಿಯಾ ಚೀಲ 45 ಕಿಲೋ. ಅದರಲ್ಲಿ ಸಾರಜನಕ ಶೇ. 46. ಅಂದರೆ ಒಂದು ಚೀಲದಲ್ಲಿ 20 ಕಿಲೋ 700 ಗ್ರಾಂ ಸಾರಜನಕ. ಇದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಭತ್ತದ ಬಾಯಿಗೆ ಹೋಗುತ್ತದಂತೆ. ಉಳಿದದ್ದು ನೀರಿನಲ್ಲಿ ಹರಿದು ಹೋಗುತ್ತದೆ, ಇಲ್ಲವೇ ಗಾಳಿಗೆ ಸೇರುತ್ತದೆ. “ಚೀಲಕ್ಕೆ ಬರೀ 266 ರೂಪಾಯಿ, ಹೋದರೆ ಹೋಗಲಿ” ಎಂದು ನನ್ನ ಗೆಳೆಯನೊಬ್ಬ ಹೇಳಿದ. ಅದು ಸರಿಯಲ್ಲ ಮಾರಾಯ. ಅದಕ್ಕಿಂತ ಎಷ್ಟೋ ಪಟ್ಟು ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕೊಡುತ್ತದೆ. ಅದೂ ನಮ್ಮದೇ ದುಡ್ಡು.

ಹಾಗಾದರೆ ಎಂತ ಮಾಡುವುದು? ನಾನು ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಎರಡು ಲೋಟ ನೀರು ತಗೊಂಡೆ. ಒಂದರಲ್ಲಿ ಬೆಲ್ಲದ ಉಂಡೆಯನ್ನು ಹಾಗೆಯೇ ಹಾಕಿದೆ. ಇನ್ನೊಂದು ಉಂಡೆಯನ್ನು ಕರಗಿದ ಮೇಣದ ಬತ್ತಿಯಲ್ಲಿ ಅದ್ದಿ, ಆರಿದ ಮೇಲೆ ಸೂಜಿಯಿಂದ ಒಂದು ತೂತು ಮಾಡಿ ಹಾಕಿದೆ. ಬರೀ ಬೆಲ್ಲ ಸಂಜೆಯೊಳಗೆ ಕರಗಿ ಹೋಯಿತು. ಮೇಣದ ಅಂಗಿ ತೊಟ್ಟ ಬೆಲ್ಲ ಮರುದಿನವೂ ಸ್ವಲ್ಪ ಸ್ವಲ್ಪವೇ ಕರಗುತ್ತಿತ್ತು. ವಿಜ್ಞಾನದ ಅಕ್ಕೋರಿಗೆ ತೋರಿಸಿದಾಗ “ಗೊಬ್ಬರಕ್ಕೂ ಹೀಗೇ ಲೇಪ ಕೊಡ್ತಾರೆ. ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರ ಅಂತ ಹೆಸರು” ಎಂದು ಹೇಳಿ ಎಲ್ಲ ವಿವರಿಸಿದರು.

ನಮ್ಮ ದೇಶದಲ್ಲಿ 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಯೂರಿಯಾವನ್ನು ನೀರಿನಲ್ಲಿ ತೊಳೆದು ಹೋಗುವ ನೈಟ್ರೇಟ್ ಆಗಿ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ. ಬೇವು ಅವುಗಳ ಕೆಲಸವನ್ನು ನಿಧಾನ ಮಾಡುತ್ತದೆ. ಇದು ಒಳ್ಳೆಯದೇ. ಆದರೆ ಯೂರಿಯಾ ತಾನೇ ಸಕ್ಕರೆಯಂತೆ ನೀರಿನಲ್ಲಿ ಕರಗುತ್ತದೆ. ಹಾಕಿದ ದಿನವೇ ನಮ್ಮಲ್ಲಿ ಬಿದ್ದಂಥ ಮಳೆ ಬಿದ್ದರೆ ಬೇವು ಪಾಪ ಎಂತ ಮಾಡೀತು? 2023ರಲ್ಲಿ ಗಂಧಕದ ಲೇಪದ ‘ಯೂರಿಯಾ ಗೋಲ್ಡ್’ ಕೂಡ ಬಂದಿದೆ. ಅದು ಕರಗುವುದು ನಿಧಾನ.

ಇದಕ್ಕಿಂತ ಸಣ್ಣ ಕೆಲಸವನ್ನು ಶ್ರೀಲಂಕಾದವರು ಮಾಡಿದ್ದಾರೆ. ಅಲ್ಲಿಯೂ ನಮ್ಮ ಹಾಗೆ ಮಳೆ, ನಮ್ಮ ಹಾಗೆ ಅನ್ನ. ನಮ್ಮ ಹಲ್ಲು, ಮೂಳೆಯಲ್ಲಿ ಇರುವ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜವನ್ನು ಅವರು ನ್ಯಾನೋ ಕಣಗಳನ್ನಾಗಿ ಮಾಡಿದರು. ನಿಮ್ಮ ಸ್ಕೇಲಿನ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್! ಯೂರಿಯಾ ಆ ಕಣಗಳ ಮೈಗೆ ಅಂಟಿಕೊಂಡು ಕೂರುತ್ತದೆ, ಬೇಗ ಬಿಡುವುದಿಲ್ಲ. ಬರೀ ಯೂರಿಯಾಕ್ಕಿಂತ ಸುಮಾರು 12 ಪಟ್ಟು ನಿಧಾನವಾಗಿ ಸಾರಜನಕ ಬಿಡುತ್ತದೆ ಎಂದು ಅವರು 2017ರಲ್ಲಿ ಪ್ರಕಟಿಸಿದರು. ಅರ್ಧದಷ್ಟೇ ಯೂರಿಯಾ ಹಾಕಿದರೂ ಅವರ ಗದ್ದೆಯಲ್ಲಿ ಭತ್ತ ಕಡಿಮೆಯಾಗಲಿಲ್ಲ. ನನಗೆ ಬಹಳ ಇಷ್ಟವಾದದ್ದು ಇದು: ಕೊನೆಗೆ ಆ ಕಣವೂ ಕರಗಿ ಗಿಡಕ್ಕೆ ರಂಜಕ, ಸುಣ್ಣದ ಅಂಶ ಕೊಡುತ್ತದೆ. ಅಂಗಿಯೇ ಊಟ ಆದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ನ್ಯಾನೋ ಅಂದ ಕೂಡಲೇ ಎಲ್ಲರೂ ಅಂಗಡಿಯಲ್ಲಿ ಸಿಗುವ ನ್ಯಾನೋ ಯೂರಿಯಾ ಬಾಟಲಿ ನೆನೆಸಿಕೊಳ್ತಾರೆ. ಅದು ಬೇರೆ. ಅದು ಎಲೆಗೆ ಸಿಂಪಡಿಸುವ ದ್ರವ. 2021ರಲ್ಲಿ ಮೊದಲು ಬಂದ ಅರ್ಧ ಲೀಟರಿನ ಬಾಟಲಿಯಲ್ಲಿ ಸಾರಜನಕ ಶೇ. 4, ಅಂದರೆ 20 ಗ್ರಾಂ. ಚೀಲದಲ್ಲಿ ಇದ್ದದ್ದು 20 ಕಿಲೋ! ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂದು ಹೇಳಿದ್ದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಗದ್ದೆಯಲ್ಲಿ ಪ್ರಯೋಗ ಮಾಡಿದಾಗ ಭತ್ತ, ಗೋಧಿ ಎರಡರ ಇಳುವರಿಯೂ ಕಡಿಮೆಯಾಯಿತು. ಅದಕ್ಕೇ ನಾನು ಹೇಳುವುದು, ಹೆಸರು ನೋಡಿ ನಂಬಬಾರದು, ಗದ್ದೆಯಲ್ಲಿ ಬೆಳೆಸಿ ನೋಡಿ ನಂಬಬೇಕು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ಪ್ರಯೋಗದಲ್ಲಿ ಬೆಲ್ಲ ಪೂರ್ತಿ ಕರಗಿದ ಮೇಲೆ ಲೋಟದಲ್ಲಿ ಮೇಣದ ಸಿಪ್ಪೆ ಉಳಿಯಿತು. ಜಪಾನಿನಲ್ಲಿ ಆದದ್ದೂ ಇದೇ. ಅಲ್ಲಿ ಭತ್ತದ ಗದ್ದೆಗೆ ಪ್ಲಾಸ್ಟಿಕ್ ಲೇಪದ ಗೊಬ್ಬರವನ್ನು ಬಹಳ ಕಾಲದಿಂದ ಬಳಸುತ್ತಾರೆ. ಗೊಬ್ಬರ ಖಾಲಿಯಾದ ಸಣ್ಣ ಸಣ್ಣ ಸಿಪ್ಪೆಗಳು ಹೊಳೆಯಲ್ಲಿ ಹೋಗಿ ಸಮುದ್ರದ ದಂಡೆಗೆ ಬಿದ್ದವು. 2030ರ ಹೊತ್ತಿಗೆ ಇಂಥ ಲೇಪವನ್ನು ಬಿಡಬೇಕು ಎಂದು ಈಗ ಅವರೇ ಹೊರಟಿದ್ದಾರೆ.

ನಮ್ಮ ಗದ್ದೆಯ ನೀರು ಹಳ್ಳ ಸೇರಿ ಅಘನಾಶಿನಿಗೆ ಹೋಗುತ್ತದೆ. ಹೊಳೆಯ ಕೆಳಗಿನ ದಂಡೆಯಲ್ಲಿ ನಮ್ಮ ಅತ್ತೆಯ ಮನೆ. ನೀರು ಇಳಿದಾಗ ಅತ್ತೆ ಸೊಂಟದ ತನಕ ನೀರಲ್ಲಿ ನಿಂತು ಚಿಪ್ಪಿಕಲ್ಲು ಆರಿಸಿ ಮಾರುತ್ತಾರೆ. ಅದೇ ದುಡ್ಡಿನಲ್ಲಿ ಅವರ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಈ ಅಳಿವೆ 2024ರಲ್ಲಿ ಲೋಕದ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಚಿಪ್ಪಿಕಲ್ಲು ನೀರು ಸೋಸಿ ಊಟ ಮಾಡುವ ಜೀವಿ. ನೀರಿನಲ್ಲಿ ಏನಿದ್ದರೂ ಅದರ ಹೊಟ್ಟೆಗೆ ಹೋಗುತ್ತದೆ. ಅಪ್ಪನ ಗದ್ದೆ ಹಸುರಾಗಲು ಅತ್ತೆಯ ಹೊಳೆ ಹಾಳಾಗಬೇಕಾ? ನನಗೆ ಇಬ್ಬರೂ ಬೇಕು.

ಕೆಲವರು ಗೊಬ್ಬರವೇ ಬೇಡ ಅನ್ನುತ್ತಾರೆ. ಮಾಣಿಕಟ್ಟದ ಗಜನಿಯಲ್ಲಿ ಉಪ್ಪು ನೀರು ತಡೆಯುವ ಕಗ್ಗ ಭತ್ತವನ್ನು ಗೊಬ್ಬರ ಹಾಕದೇ ಬೆಳೆಯುತ್ತಾರೆ, ಅಲ್ಲಿ ಹೊಳೆಯ ಕೆಸರೇ ಗೊಬ್ಬರ. ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಅದೂ ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರವೇ ಅಲ್ಲವಾ? ಅಜ್ಜ ಇದನ್ನು ಕೇಳಿ “ಹೌದಾ, ನಾವೂ ವಿಜ್ಞಾನಿಗಳೇ ಆದೆವು” ಎಂದು ನಕ್ಕರು. ಆದರೆ ಎಲ್ಲರಿಗೂ ಗಜನಿ ಇಲ್ಲ, ಬೆಟ್ಟ ಇಲ್ಲ. ನಮಗೆ ಇರುವುದು ಎರಡೇ ದನ. ಆದ್ದರಿಂದ ಚೀಲದ ಗೊಬ್ಬರ ನಮ್ಮಂಥವರಿಗೆ ಬೇಕೇ ಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಲೇಪದ ಗೊಬ್ಬರ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ನಮ್ಮಂಥ ಮಳೆ ಸೀಮೆಗೆ. ಆದರೆ ಲೇಪ ಮಣ್ಣಿನಲ್ಲಿ ಕರಗುವಂಥದ್ದೇ ಆಗಬೇಕು. ನ್ಯಾನೋ ಕಣವಾದರೂ ಸರಿ, ಹೊಳೆಗೆ ಹೋದರೆ ಮೀನು, ಚಿಪ್ಪಿಕಲ್ಲಿಗೆ ಏನಾಗುತ್ತದೆ ಎಂದು ಮೊದಲು ನೋಡಬೇಕು. ಆ ಪರೀಕ್ಷೆ ದೂರದ ಪ್ರಯೋಗಾಲಯದಲ್ಲಿ ಮಾತ್ರ ಅಲ್ಲ, ಆಷಾಢದ ಮಳೆಯಲ್ಲಿ ನಮ್ಮ ಗದ್ದೆಯಲ್ಲಿ ಆಗಬೇಕು. ಬೆಲೆಯೂ ಅಪ್ಪನ ಕೈಗೆ ಎಟುಕಬೇಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ನಮ್ಮ ತರಗತಿಯಿಂದ ಒಂದು ಪತ್ರ ಬರೆಯೋಣ ಎಂದು ಅಕ್ಕೋರನ್ನು ಕೇಳಿಕೊಳ್ಳುತ್ತೇನೆ.

ಅಲ್ಲಿಯ ತನಕ ನಾವು ಮನೆಯಲ್ಲಿ ಹೇಳಬಹುದಾದದ್ದು ಮೂರು. ಮೋಡ ಕಟ್ಟಿದಾಗ ಯೂರಿಯಾ ಎರಚುವುದು ಬೇಡ. ಒಂದೇ ಸಲ ಹಾಕದೇ ಎರಡು ಮೂರು ಸಲ ಹಂಚಿ ಹಾಕಬೇಕು. ಹಾಕುವ ಮೊದಲು ಗದ್ದೆಯ ಅಂಚು ಗಟ್ಟಿ ಮಾಡಬೇಕು. ಈ ವರ್ಷ ಅಂಚು ಕಟ್ಟುವ ಕೆಲಸಕ್ಕೆ ನಾನೂ ಅಪ್ಪನ ಜೊತೆ ಹೋಗುತ್ತೇನೆ.

ನನ್ನ ಮಾತು ತಪ್ಪು ಅನ್ನಿಸಿದವರು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ. ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.

ಇಂತಿ ನಿಮ್ಮ ಗೆಳೆಯ,
ಏಳನೇ ತರಗತಿ